ಬೋಲ್ಟಿಗೆ ಕೊಸರು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಮರುಳಸಿದ್ದ ಎಂಬುವವನಿದ್ದ. ಭಟ್ಟಿಯಲ್ಲಿ ಹುರಿದ ಮಂಡಕ್ಕಿಯನ್ನು ದೊಡ್ಡ ದೊಡ್ಡ ಚೀಲಗಳಲ್ಲಿ ತುಂಬಿ, ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಮಂಡಕ್ಕಿಗೆ ತೂಕವಿಲ್ಲ, ಗಾತ್ರ ಮಾತ್ರ ವಿಪರೀತ. ಹಿಂದಿನಿಂದ ನೋಡಿದವರಿಗೆ ಗಾಡಿಯೂ ಕಾಣುತ್ತಿರಲಿಲ್ಲ, ಮರುಳಸಿದ್ದನೂ ಕಾಣುತ್ತಿರಲಿಲ್ಲ. ಬಿಳಿ ಚೀಲಗಳೇ ತಮ್ಮ ಪಾಡಿಗೆ ತಾವು ಊರಿಗೆ ಹೊರಟಂತೆ ಕಾಣುತ್ತಿತ್ತು.

ಮಂಡಕ್ಕಿ ವ್ಯಾಪಾರದಲ್ಲಿ ಒಂದು ವಾಡಿಕೆ ಇದೆ. ಸೇರಿನಲ್ಲಿ ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಹಾಕಬೇಕು. ಅದಕ್ಕೆ ಕೊಸರು ಅನ್ನುತ್ತಾರೆ. ಕೊಸರು ಹಾಕದ ಅಂಗಡಿಯವನನ್ನು ಜನ ಜಿಪುಣ ಎಂದು ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಮರುಳಸಿದ್ದ ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ಹಾಗಾಗಿ ಅಳತೆ ಮುಗಿದರೆ ಕೆಲಸ ಮುಗಿಯಿತು ಎಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ. ಅಳತೆಯಾದ ಮೇಲೂ ಅವನ ಕೈ ತಾನಾಗಿಯೇ ಇನ್ನೊಂದು ಹಿಡಿಗೆ ಹೋಗುತ್ತಿತ್ತು.

ಮಂಡಕ್ಕಿಗಷ್ಟೇ ಆಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅವನು ಗಾಡಿಯ ಬೋಲ್ಟಿಗೂ ತನ್ನ ದುಡಿಮೆಗೂ ಕೊಸರು ಹಾಕಲು ಶುರು ಮಾಡಿದ. ಅದು ಹೇಗೆ ಶುರುವಾಯಿತು ಎಂದು ಮೊದಲು ಹೇಳುತ್ತೇನೆ.

ಹಿಂದಿನ ವರ್ಷ ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬ ಅವನ ಗಾಡಿಯ ಹಿಂದಿನ ಚಕ್ರಕ್ಕೆ ಪಂಕ್ಚರ್ ಹಾಕಿದ. ಚಕ್ರ ಕೂರಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿ, ಪಾನ, ಅಂದರೆ ಸ್ಪ್ಯಾನರ್, ಹಿಡಿದು ಬಿಗಿಯಬೇಕು ಅನ್ನುವಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತಾಡುತ್ತ ಎದ್ದುಹೋದವನು ಬಿಗಿಯುವುದನ್ನೇ ಮರೆತ. ಅವತ್ತು ಗಾಡಿಯ ಹಿಂದೆ ಚೀಲವಿರಲಿಲ್ಲ, ಹೆಂಡತಿ ಕೊಟ್ರಮ್ಮ ಕೂತಿದ್ದಳು. ಊರು ದಾಟುತ್ತಿದ್ದಂತೆ ಚಕ್ರ ವಾಲಿತು. ಇಬ್ಬರೂ ಬಿದ್ದರು. ಮರುಳಸಿದ್ದನಿಗೆ ಮೊಣಕಾಲು ತರಚಿತು, ಕೊಟ್ರಮ್ಮನ ಬಲಗೈ ಮುರಿಯಿತು.

ಮೂಳೆ ಕೂಡಿಕೊಂಡಿತು, ಆದರೆ ತುಸು ಸೊಟ್ಟಗೆ ಕೂಡಿಕೊಂಡಿತು. ಈಗಲೂ ರೊಟ್ಟಿ ಬಡಿಯುವಾಗ ಅವಳು ನಡುವೆ ನಿಲ್ಲಿಸಿ ಮಣಿಕಟ್ಟು ಒತ್ತಿಕೊಳ್ಳುತ್ತಾಳೆ. ಗಂಡನಿಗೆ ಒಂದೇ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಮರುಳಸಿದ್ದನಿಗೆ ಎಷ್ಟೋ ಹಗುರಾಗುತ್ತಿತ್ತು.

ಕೈ ವಾಸಿಯಾದ ಮೇಲೆ ಮೊದಲ ಸಲ ಗಾಡಿ ಹತ್ತಿದಾಗ ಅವಳು ಹಿಂದಿನಿಂದ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮುಂಚೆ ಹೀಗಿರಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು, ಎರಡೂ ಬದಿಯ ಹೊಲ ನೋಡುತ್ತ, ಯಾರ ಮೆಕ್ಕೆಜೋಳ ಹೇಗೆ ಎದ್ದಿದೆ, ಯಾರು ಕಳೆ ತೆಗೆಸಿಲ್ಲ ಎಂದು ಊರವರ ಲೆಕ್ಕವನ್ನೆಲ್ಲ ಒಪ್ಪಿಸುತ್ತ ಬರುತ್ತಿದ್ದಳು. ಈಗ ಮಾತಿಲ್ಲ. ಬೆನ್ನಿನ ಮೇಲೆ ಒಂದು ಮುಷ್ಟಿ ಮಾತ್ರ. ಮನೆಗೆ ಬಂದು ಅಂಗಿ ಬಿಚ್ಚಿದರೆ ಬೆನ್ನಿನ ಹತ್ತಿರ ಬಟ್ಟೆ ಮುದುಡಿರುತ್ತಿತ್ತು. ಇಸ್ತ್ರಿ ಹಾಕಿದರೂ ಆ ಸುಕ್ಕು ಪೂರ್ತಿ ಹೋಗುತ್ತಿರಲಿಲ್ಲ.

ಆ ಮುಷ್ಟಿ ಸಡಿಲವಾಗಬೇಕು. ಮರುಳಸಿದ್ದನಿಗೆ ಬೇಕಾಗಿದ್ದದ್ದು ಅಷ್ಟೇ.

ಅವತ್ತಿನಿಂದ ಅವನು ಗಾಡಿಯನ್ನು ಯಾವ ಮೆಕ್ಯಾನಿಕ್ಕಿನ ಕೈಗೂ ಕೊಡಲಿಲ್ಲ. ಸಂತೆಯಲ್ಲಿ ಪಾನಗಳನ್ನು ತಂದ. ಪಾನದ ಹಿಡಿ ಗಿಡ್ಡವಾಯಿತು, ಬಲ ಸಾಲದು ಎಂದು ಅದಕ್ಕೊಂದು ಕಬ್ಬಿಣದ ಪೈಪು ಸಿಕ್ಕಿಸಿಕೊಂಡ. ಪ್ರತಿ ಅಮಾವಾಸ್ಯೆಗೆ ಬೆಳಿಗ್ಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟುವ ಮುಂಚೆ ಒಂದೊಂದೇ ಬೋಲ್ಟ್ ಹಿಡಿದು ಬಿಗಿಯುತ್ತಿದ್ದ. ಹೋದ ಅಮಾವಾಸ್ಯೆಗೆ ಬಿಗಿದದ್ದು ಸಡಿಲವೇನೂ ಆಗಿರುತ್ತಿರಲಿಲ್ಲ. ಆದರೂ ಇನ್ನೊಂದಿಷ್ಟು ಬಿಗಿಯುತ್ತಿದ್ದ. ಹಲ್ಲು ಕಚ್ಚಿ, ಕಾಲನ್ನು ಕಟ್ಟೆಗೆ ಕೊಟ್ಟು, ಪೈಪನ್ನು ಎದೆಗೆ ಎಳೆದುಕೊಳ್ಳುತ್ತಿದ್ದ. ಒಳಗಿನಿಂದ ಕೊಟ್ರಮ್ಮನಿಗೆ ಕಬ್ಬಿಣ ಕಿರುಗುಟ್ಟುವುದು ಕೇಳುತ್ತಿತ್ತು.

ಹೆಂಡತಿಯ ಕೈಗೆ ಪಟ್ಟಿ ಕಟ್ಟಿದ್ದಾಗ ಅವನು ಒಂದಿಷ್ಟು ದಿನ ಮನೆಯಲ್ಲೇ ಉಳಿದಿದ್ದ. ಅಷ್ಟರಲ್ಲಿ ಅವನ ಕೆಲವು ಅಂಗಡಿಗಳು ಬೇರೆಯವರ ಪಾಲಾದವು. ಉಳಿದವೂ ಹೋದರೆ ಗತಿಯೇನು ಎಂಬ ಭಯ ಶುರುವಾಯಿತು. ದಿನದ ಊರುಗಳು ಮುಗಿದ ಮೇಲೂ ಸಂಜೆ ಭಟ್ಟಿಗೆ ಬಂದು ನಿಲ್ಲುತ್ತಿದ್ದ. "ಇನ್ನೊಂದು ಲೋಡ್ ಕೊಡ್ರಿ, ಹಾಕಿ ಬಂದುಬಿಡ್ತೀನಿ" ಅನ್ನುತ್ತಿದ್ದ.

ಭಟ್ಟಿಯ ಯಜಮಾನರು ಖಾಸಿಂಸಾಬರು, ವಯಸ್ಸಾದವರು. ಬಾಯಿಯಲ್ಲಿ ಬೈಗುಳ, ಮನಸ್ಸಿನಲ್ಲಿ ಏನೂ ಇಲ್ಲ. ಅವರೇ ಬೈಯುತ್ತಿದ್ದರು: "ಸಾಕು ಹೋಗೋ ಮಾರಾಯ. ಕನ್ನಡಿ ನೋಡ್ಕಂಡೀಯಾ? ಕಣ್ಣು ಕೆಂಡ ಆಗ್ಯಾವೆ. ನಿನ್ನ ಯಾರೂ ಕೇಳಿಲ್ಲ ಇಷ್ಟು ದುಡಿ ಅಂತ."

"ಇದೊಂದು ಲೋಡ್ ಸಾಬ್ರೆ. ಕೊಸರು ಅನ್ಕೊಳ್ರಿ."

ಹೀಗೆ ದಿನಾ ಕೊಸರು ಕೊಟ್ಟೂ ಕೊಟ್ಟೂ ಅವನ ಹತ್ತಿರ ಅಸಲೇ ಉಳಿಯಲಿಲ್ಲ. ಉಣ್ಣುವಾಗ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಮಲಗಿದರೆ ನಿದ್ದೆಯಲ್ಲೂ ಗಾಡಿ ಓಡಿಸುತ್ತಿದ್ದ. ಬೆಳಿಗ್ಗೆ ಎದ್ದಾಗಲೇ ಸಂಜೆಯಾದಷ್ಟು ಸುಸ್ತು. ಕೊಟ್ರಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಸಾಕು ಮಲಗ್ರಿ." ಅವನು ದಿನಾ ಒಂದೇ ಉತ್ತರ ಕೊಡುತ್ತಿದ್ದ: "ಇದೊಂದು ಮುಗ್ದುಬಿಡ್ಲಿ." ಯಾವುದೂ ಮುಗಿಯುತ್ತಿರಲಿಲ್ಲ. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಹುಡುಕಿದರೆ ಕನ್ನಡಿಯಲ್ಲೇ ಸಿಕ್ಕರೂ ಸಿಗಬಹುದು.

ಒಂದು ಅಮಾವಾಸ್ಯೆಗೆ ಕೊಟ್ರಮ್ಮನ ತಮ್ಮ ತಿಪ್ಪೇಶಿ ಅಕ್ಕನನ್ನು ನೋಡಲು ಬಂದ. ಅವನು ಟ್ರ್ಯಾಕ್ಟರ್ ಶೋರೂಮಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವನು. ಅಂಗಳದಲ್ಲಿ ಭಾವ ಪೈಪು ಹಿಡಿದು ಗಾಡಿಯ ಜೊತೆ ಗುದ್ದಾಡುವುದನ್ನು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

"ಇದೇನು ಭಾವ, ಪಾನಕ್ಕೆ ಪೈಪು? ಬೋರ್‌ವೆಲ್ ಕೀಳಾಕೆ ಹೊಂಟೀರೇನು?"

"ನಗಬ್ಯಾಡ ತಿಪ್ಪೇಶಿ. ಬಿಗಿ ಸಾಲ್ದೆ ಏನಾತು ಅಂತ ನಿಮ್ಮಕ್ಕನ ಕೈ ನೋಡು."

ತಿಪ್ಪೇಶಿಯ ನಗು ನಿಂತಿತು. ಗಾಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೋಲ್ಟ್ ಮುಟ್ಟಿ ನೋಡಿದ. ಕೆಲವದರ ಮೂಲೆಗಳು ಸವೆದು ದುಂಡಗಾಗಿದ್ದವು.

"ಬೋಲ್ಟ್ ಬಿಗಿದಾಗ ಕೂದಲೆಳೆಯಷ್ಟು ಹಿಗ್ಗತತಿ ಭಾವ, ರಬ್ಬರ್ ಹಿಗ್ಗಿದಂಗೆ" ಅಂದ. "ಹಿಗ್ಗಿದ್ದು ವಾಪಸ್ ಎಳೀತತಲ್ಲ, ಆ ಎಳೆತಾನೇ ಗಾಡಿನ ಹಿಡಿದಿಡೋದು. ನೀವು ಜಾಸ್ತಿ ಹಿಗ್ಗಿಸಿದ್ರೆ ಎಳಿಯೋ ಶಕ್ತೀನೇ ಹೋಗಿಬಿಡ್ತತಿ. ಮೇಲಿಂದ ನೋಡಿದ್ರೆ ಬಿಗಿ ಅನ್ಸತತಿ. ಒಳಗೆ ಸತ್ತಿರ್ತತಿ."

ಮುಂದಿನ ವಾರ ಅವನೇ ಬಂದು ಮೂಲೆ ಸವೆದ ಬೋಲ್ಟುಗಳನ್ನು ಬದಲಿಸಿ, ಒಂದು ಟಾರ್ಕ್ ರೆಂಚ್ ಕೊಟ್ಟ. ಉದ್ದ ಹಿಡಿಯ ಪಾನ ಅದು, ಹಿಡಿಯ ಮೇಲೆ ಅಂಕಿಗಳಿದ್ದವು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂದು ಗಾಡಿಯ ಕಂಪನಿಯವರು ಹೇಳಿರುತ್ತಾರೆ. ಹಿಡಿ ತಿರುವಿ ಆ ಅಂಕಿಗೆ ಇಟ್ಟುಕೊಂಡು ನಿಧಾನವಾಗಿ ಎಳೆದರೆ, ಅಷ್ಟು ಬಿಗಿಯಾದ ಕೂಡಲೇ ಅದು ಟಕ್ ಎಂದು ಸದ್ದು ಮಾಡುತ್ತದೆ. ತಿಪ್ಪೇಶಿ ಅಂಕಿಗಳನ್ನೆಲ್ಲ ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಒಂದು ಬೋಲ್ಟ್ ಬಿಗಿದು ತೋರಿಸಿದ.

"ಟಕ್ ಅಂತು ನೋಡ್ರಿ. ಅಂತು ಅಂದ್ರೆ ಮುಗೀತು, ಕೈ ತೆಗೀರಿ. ಮುಂದೆ ಒಂದು ಚೂರೂ ಎಳೀಬಾರ್ದು."

"ಒಂದು ಚೂರೂ?"

"ಒಂದು ಚೂರೂ."

ಮರುಳಸಿದ್ದ ತಲೆಯಾಡಿಸಿದ. ರೆಂಚ್ ಅವನಿಗೆ ಬಹಳ ಹಿಡಿಸಿತು. ಅದಕ್ಕೂ ಒಂದು ಅಳತೆ ಇದೆಯಲ್ಲ, ಸೇರಿನ ಹಾಗೆ! ತಿಪ್ಪೇಶಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಸುಮ್ಮನಿದ್ದ. ಆಮೇಲೆ ಅಂಗಳಕ್ಕೆ ಬಂದು ಇನ್ನೊಂದು ಬೋಲ್ಟಿಗೆ ರೆಂಚ್ ಇಟ್ಟು ಎಳೆದ. ಟಕ್ ಅಂತು. ಅಳತೆ ಆಯಿತು. ಅಳತೆ ಆದ ಮೇಲೆ ಏನು ಮಾಡಬೇಕು? ಕೈ ತಾನಾಗಿಯೇ ಹೋಯಿತು. ಕೊಟ್ಟೂರೇಶ್ವರನನ್ನು ನೆನೆದು ಕೊಸರಿಗೆಂದು ಇನ್ನೊಂದು ಜಗ್ಗು ಜಗ್ಗಿದ. ಕಬ್ಬಿಣ ಕಿರುಗುಟ್ಟಿದ್ದು ಒಳಗಿದ್ದ ಕೊಟ್ರಮ್ಮನಿಗೂ ಕೇಳಿಸಿತು. ಮನಸ್ಸಿಗೆ ಆಗ ನೆಮ್ಮದಿಯಾಯಿತು.

ಮುಂದಿನ ಸಲ ಕೊಟ್ರಮ್ಮ ಗಾಡಿ ಹತ್ತಿದಾಗ ಅವನು ಉಸಿರು ಹಿಡಿದು ಕಾದ. ಗಾಡಿ ಬೀದಿ ದಾಟಿತು. ಡಾಂಬರು ರಸ್ತೆಗೆ ಬಂತು. ಬೆನ್ನ ಮೇಲೆ ಮುಷ್ಟಿ ಬಂದು ಕೂತಿತು, ಮುಂಚಿಗಿಂತಲೂ ಬಿಗಿಯಾಗಿ. ಇವಳಿಗೆ ಇನ್ನೂ ನಂಬಿಕೆ ಬಂದಿಲ್ಲ ಎಂದು ಅವನಿಗೆ ಬೇಸರವಾಯಿತು. ಬಿಗಿ ಸಾಲದು ಅಂದುಕೊಂಡ. ಮುಂದಿನ ಅಮಾವಾಸ್ಯೆಗೆ ಕೊಸರು ಎರಡು ಜಗ್ಗಾಯಿತು.

ತಿಪ್ಪೇಶಿಗೆ ಹೆಣ್ಣುಮಗುವಾಯಿತು. ಅವನ ಹೆಂಡತಿಯ ತವರು ಜಗಳೂರಿನ ಆಚೆಯ ಹಳ್ಳಿ, ತೊಟ್ಟಿಲು ಹಾಕುವ ಶಾಸ್ತ್ರ ಅಲ್ಲೇ. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ಕೊಟ್ರಮ್ಮ. ಅವಳು ಒಂದು ವಾರದಿಂದ ಅದೇ ಸಡಗರದಲ್ಲಿದ್ದಳು. ಕೂಸಿನ ತಲೆಗೆ ಕುಂಚಿಗೆ ಹೊಲಿದಳು, ಉಂಡಿ ಕಟ್ಟಿದಳು, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದಳು. ಅಷ್ಟು ದೂರ ಅವರಿಬ್ಬರು ಗಾಡಿಯಲ್ಲಿ ಹೋಗದೆ ವರ್ಷವಾಗಿತ್ತು.

"ಹಿಂದಿನ ದಿನ ಬೇಗ ಬಂದು ಮಲಗ್ರಿ" ಎಂದು ಗಂಡನಿಗೆ ಹೇಳಿದ್ದಳು. ಅವನು ಹೂಂ ಅಂದಿದ್ದ. ಆ ಸಂಜೆಯೂ ಖಾಸಿಂಸಾಬರ ಮುಂದೆ ನಿಂತು ಇನ್ನೊಂದು ಲೋಡ್ ಕೇಳಿ ಹಾಕಿಸಿಕೊಂಡು ಹೋಗಿ ಬಂದ. ನಾಳೆ ರಜೆ ಮಾಡುವವನು ಇವತ್ತೇ ಅದನ್ನು ತುಂಬಿಕೊಡಬೇಕಲ್ಲವೇ?

ಬೆಳಿಗ್ಗೆ ಎದ್ದಾಗ ಮೈ ತನ್ನದೇ ಅಲ್ಲ ಅನ್ನಿಸಿತು. ಮುಖಕ್ಕೆ ನೀರು ಎರಚಿಕೊಂಡು ಅಂಗಳಕ್ಕೆ ಬಂದ. ಅಮಾವಾಸ್ಯೆ ಇನ್ನೂ ದೂರವಿತ್ತು. ಆದರೆ ಹಿಂದೆ ಕೊಟ್ರಮ್ಮ ಕೂರುತ್ತಾಳೆ, ಹಾದಿ ದೂರ, ಬಿಗಿಯದೆ ಹೇಗೆ ಹೊರಡುವುದು? ಒಂದೊಂದಾಗಿ ನೋಡುತ್ತ ಮುಂದಿನ ಚಕ್ರದ ಹತ್ತಿರ ಬಂದ. ಅಲ್ಲಿ ಬ್ರೇಕನ್ನು ಎರಡು ಬೋಲ್ಟುಗಳು ಹಿಡಿದಿದ್ದವು. ಮೇಲಿನದಕ್ಕೆ ರೆಂಚ್ ಇಟ್ಟು ಎಳೆದ. ಕೂಡಲೇ ಟಕ್ ಅಂತು.

ಕೊಸರಿಗೆ ಒಂದು ಜಗ್ಗಿದ. ಎರಡನೆಯದನ್ನು ಜಗ್ಗುವಾಗ ಬೋಲ್ಟ್ ಯಾಕೋ ಮೆತ್ತಗೆ ತಿರುಗಿತು. ಬಿಗಿಯಾಗುವ ಬದಲು ಕೈಗೆ ಹಗುರಾಗಿ ಬಂತು. ಇನ್ನೂ ಸಡಿಲವಿದೆ ಎಂದುಕೊಂಡು ಮರುಳಸಿದ್ದ ಮತ್ತೂ ಜೋರಾಗಿ ಎಳೆದ.

ಬೋಲ್ಟಿನ ತಲೆ ಕಟ್ಟನೆ ಮುರಿದು ರೆಂಚಿನ ಜೊತೆಯಲ್ಲೇ ಬಂತು. ಉಳಿದರ್ಧ ಒಳಗೇ ಉಳಿಯಿತು. ಮರುಳಸಿದ್ದ ಆಯ ತಪ್ಪಿ ಹಿಂದಕ್ಕೆ ಬಿದ್ದು ಅಂಗಳದಲ್ಲೇ ಕೂತುಬಿಟ್ಟ.

ಬಿಸಿಲು ಏರುತ್ತಿತ್ತು. ಗಾಡಿ ಸಾಮಾನಿನ ಅಂಗಡಿ ತೆಗೆಯುವವರೆಗೆ ಕಾಯಬೇಕು, ಮುರಿದ ತುಂಡನ್ನು ತೆಗೆಸಬೇಕು, ಅಷ್ಟರಲ್ಲಿ ಮಧ್ಯಾಹ್ನ. ತೊಟ್ಟಿಲ ಶಾಸ್ತ್ರ ಅಷ್ಟರೊಳಗೆ ಮುಗಿದಿರುತ್ತದೆ. ಅವನು ಅಂಗೈಯಲ್ಲಿದ್ದ ಬೋಲ್ಟಿನ ತಲೆಯನ್ನು ನೋಡಿದ. ಅದಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ಇದ್ದ ಜಾಗದಲ್ಲಿ ಒತ್ತಿದ. ಅದು ಅಂಟಿಕೊಂಡು ಕೂತಿತು. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುವಂತೆ ಕೂತಿತು. ಕೆಳಗಿನ ಬೋಲ್ಟ್ ಇದೆಯಲ್ಲ. ಬ್ರೇಕನ್ನು ಮೆಲ್ಲಗೆ ಹಿಡಿದರಾಯಿತು. ಹೋಗಿ ಬಂದ ಮೇಲೆ ನೋಡಿಕೊಂಡರಾಯಿತು. ಹೇಳಿದರೆ ಅವಳು ಇನ್ನು ಈ ಜನ್ಮದಲ್ಲಿ ನನ್ನ ಹಿಂದೆ ಕೂರುವುದಿಲ್ಲ. ಹೀಗೆಲ್ಲ ಅವನ ದಣಿದ ತಲೆ ಅವನಿಗೇ ಉಪದೇಶ ಮಾಡಿತು.

ಅಷ್ಟರಲ್ಲಿ ಕೊಟ್ರಮ್ಮ ಹೊಸಿಲಿಗೆ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ತಲೆಯಲ್ಲಿ ಹೂವಿತ್ತು. ಬಲಗೈಗೆ ಹೊಸ ಬಳೆ ಏರಿಸಲು ನೋಡುತ್ತಿದ್ದಳು. ಸೊಟ್ಟಗೆ ಕೂಡಿಕೊಂಡ ಜಾಗದಲ್ಲಿ ಬಳೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಮುಖ ಕಿವುಚದೆ, ನಿಧಾನವಾಗಿ ತಿರುವಿ ತಿರುವಿ ಏರಿಸುತ್ತಿದ್ದಳು. "ಹೊಂಡೋಣೇನ್ರಿ?" ಅಂದಳು.

ಮರುಳಸಿದ್ದ ಆ ಸೊಟ್ಟ ಕೈಯನ್ನೇ ನೋಡಿದ. ಎದ್ದು ಹೋಗಿ ಬೋಲ್ಟಿನ ತಲೆಯನ್ನು ಉಗುರಿನಿಂದ ಕಿತ್ತು ತಂದು ಅವಳ ಮುಂದೆ ಅಂಗೈ ಚಾಚಿದ.

"ಮುರೀತು ಕೊಟ್ರಮ್ಮ. ಯಾರೂ ಮುರೀಲಿಲ್ಲ, ನಾನೇ ಮುರಿದೆ. ಮುಚ್ಚಿಟ್ಟು ನಿನ್ನ ಕರ್ಕೊಂಡು ಹೋಗ್ಬೇಕು ಅಂತಾನೂ ಇದ್ದೆ."

ಕೊಟ್ರಮ್ಮ ಬೋಲ್ಟನ್ನು ನೋಡಿದಳು, ಗಂಡನ ಮುಖ ನೋಡಿದಳು. ಗದರಲಿಲ್ಲ. ಅವನಿಗೆ ಅದೂ ತಡೆಯಲಾಗಲಿಲ್ಲ.

"ನಿನ್ನ ಮುಷ್ಟಿ ಸಡಿಲ ಆಗ್ಲಿ ಅಂತ ಇಷ್ಟೆಲ್ಲ ಬಿಗಿದೆ. ನೀನು ನನ್ನ ಅಂಗಿ ಬಿಡ್ಲೇ ಇಲ್ಲ. ಎಷ್ಟು ಬಿಗಿದ್ರೆ ನಿನಗೆ ಭಯ ಹೋಗ್ತತಿ ಹೇಳು."

"ಗಾಡಿ ಭಯಕ್ಕೆ ಹಿಡೀತೀನಿ ಅನ್ಕೊಂಡ್ರೇನು?" ಅಂದಳು ಕೊಟ್ರಮ್ಮ. "ಮೊದ್ಲು ಇತ್ತು, ಸುಳ್ಳ್ಯಾಕೆ ಹೇಳ್ಲಿ. ಅದು ಯಾವಾಗ್ಲೋ ಹೋತು. ನೀವು ತೂಕಡಿಸ್ತೀರಿ."

"ನಾನಾ?"

"ಹೂಂ. ಗಾಡಿ ಓಡಿಸ್ತಾ ತೂಕಡಿಸ್ತೀರಿ. ನಿಮ್ಮ ತಲೆ ಮುಂದಕ್ಕೆ ಜೋಲೋದು ಹಿಂದೆ ಕೂತೋಳಿಗೆ ಕಾಣ್ತತಿ. ಅಂಗಿ ಹಿಡಿದು ಜಗ್ತೀನಿ, ನೀವು ಎಚ್ಚರ ಆಗ್ತೀರಿ. ಮತ್ತೆ ಜೋಲ್ತತಿ, ಮತ್ತೆ ಜಗ್ತೀನಿ. ಹೊಲ ನೋಡಾಕೆ ನನಗೆ ಪುರುಸೊತ್ತೆಲ್ಲೈತಿ?"

ಮರುಳಸಿದ್ದ ಬೆನ್ನ ಹಿಂದೆ ಕೈ ಹಾಕಿ ಅಂಗಿಯ ಸುಕ್ಕನ್ನು ಮುಟ್ಟಿ ನೋಡಿದ. "ಹೇಳ್ಬಾರ್ದಿತ್ತಾ?" ಅಂದ.

"ಹೇಳಿದ್ನಲ್ರಿ. ಸಾಕು ಮಲಗ್ರಿ ಅಂತ ದಿನಾ ಹೇಳಿದೆ. ಖಾಸಿಂಸಾಬ್ರೂ ಹೇಳಿದ್ರು. ನಿಮ್ಮ ಕಣ್ಣೂ ಹೇಳಿದ್ವು. ಎಲ್ಲಾ ಟಕ್ ಅಂದ್ವು. ನೀವು ಮೇಲೊಂದು ಕೊಸರು ಜಗ್ಗಿದ್ರಿ."

ಅವಳ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಉಂಡಿಯ ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟಳು. "ನಡೀರಿ, ಬಸ್ಸಿಗೆ ಹೋಗೋಣ. ಕೂಸಿನ ಹೆಸ್ರು ಒಂದ್ ತಾಸು ತಡ ಆದ್ರೆ ಏನೂ ಕೆಡಲ್ಲ. ನೀವು ಬಸ್ಸಲ್ಲಾದ್ರೂ ಮಲಗ್ತೀರಿ."

ಜಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಂಡಕ್ಟರ್ ಟಿಕೆಟ್ ಹರಿಯುವಷ್ಟರಲ್ಲಿ ಮರುಳಸಿದ್ದ ನಿದ್ದೆ ಹೋಗಿದ್ದ. ಬಸ್ಸು ಹಳ್ಳಕ್ಕೆ ಬಿದ್ದರೂ ಏಳಲಿಲ್ಲ, ಯಾರದೋ ಬುಟ್ಟಿ ಕಾಲಿನ ಮೇಲೆ ಬಿದ್ದರೂ ಏಳಲಿಲ್ಲ. ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಬಂದಿತ್ತು. ಕೊಟ್ರಮ್ಮ ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಹೊರಗಿನ ಮೆಕ್ಕೆಜೋಳ ನೋಡುತ್ತ ಕೂತಳು.

ಅವರು ಹೋದಾಗ ತೊಟ್ಟಿಲು ಕಾಯುತ್ತಿತ್ತು. ಸೋದರತ್ತೆ ಬಾರದೆ ಹೆಸರಿಡುವವರು ಯಾರು? ಕೊಟ್ರಮ್ಮ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಸುತ್ತಲಿದ್ದ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ತಿಪ್ಪೇಶಿ ಮಾತ್ರ ಭಾವ ಕೊಟ್ಟ ಬೋಲ್ಟಿನ ತಲೆಯನ್ನು ತಿರುಗಿಸಿ ನೋಡಿ ತಲೆ ಚಚ್ಚಿಕೊಂಡ. ಮುರಿದ ತುಂಡನ್ನು ಆಮೇಲೆ ಅವನೇ ಬಂದು ತೆಗೆದುಕೊಟ್ಟ. ಹಿಗ್ಗಿ ಸತ್ತಿದ್ದ ಉಳಿದ ಬೋಲ್ಟುಗಳನ್ನೂ ಬದಲಿಸಿದ.

ಮರುಳಸಿದ್ದ ಒಂದೇ ದಿನಕ್ಕೆ ಬದಲಾದ ಎಂದು ಹೇಳಿದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಸಂಜೆ ಭಟ್ಟಿಗೆ ಬಂದರೆ ಅವನ ಬಾಯಿಗೆ ಆ ಮಾತು ಬಂದೇ ಬರುತ್ತಿತ್ತು. ಒಂದು ದಿನ ಅದನ್ನು ನುಂಗಿಕೊಂಡು "ಇವತ್ತಿಗೆ ಸಾಕು ಸಾಬ್ರೆ" ಅಂದ. ಖಾಸಿಂಸಾಬರು ಕೈಯಲ್ಲಿದ್ದ ಮಂಡಕ್ಕಿ ಜರಡಿಯನ್ನು ಕೆಳಗಿಟ್ಟು ಅವನನ್ನೇ ನೋಡಿದರು. "ಏನು, ಹುಷಾರಿಲ್ಲೇನು?" ಅಂದರು.

"ಈಗ ಹುಷಾರಾಗಾಕೆ ಹೊಂಟೀನಿ" ಅಂದ ಮರುಳಸಿದ್ದ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಕೊಟ್ರಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಿಂದ ಟಕ್ ಅನ್ನುವ ಸದ್ದು ಬಂತು. ಅವಳು ಕೈ ನಿಲ್ಲಿಸಿ ಕಿವಿಗೊಟ್ಟಳು. ಕಿರುಗುಟ್ಟುವ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬೋಲ್ಟಿನ ಟಕ್ ಬಂತು. ಅದರ ಮೇಲೂ ಏನೂ ಬರಲಿಲ್ಲ. ಅವಳು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಅದೇ ವಾರ ಇಬ್ಬರೂ ಕೂಸನ್ನು ನೋಡಲು ಗಾಡಿಯಲ್ಲಿ ಹೊರಟರು. ಮರುಳಸಿದ್ದ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದ. ಊರು ದಾಟಿದರು, ಹೊಲಗಳು ಬಂದವು. ಇದ್ದಕ್ಕಿದ್ದಂತೆ ಅವನಿಗೆ ಬೆನ್ನು ಬರಿದಾಗಿದೆ ಅನ್ನಿಸಿತು. ಅಂಗಿಯ ಮೇಲೆ ಕೈಯೇ ಇಲ್ಲ. ಎಲ್ಲಿ ಬಿದ್ದಳೋ ಎಂದು ಗಾಡಿಯನ್ನು ಬದಿಗೆ ಹಾಕಿ ಹಿಂದಿರುಗಿ ನೋಡಿದ.

ಕೊಟ್ರಮ್ಮ ಕೂತಲ್ಲೇ ಕೂತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು.

"ಯಾಕ್ರಿ ನಿಲ್ಸಿದ್ರಿ?" ಅಂದಳು. "ಆ ಮೂಲೆ ಹೊಲ ನೋಡ್ರಿ, ಈ ವರ್ಷವೂ ಕಳೆ ತೆಗೆಸಿಲ್ಲ."

ನೀತಿ: ಕೊಸರು ಮಂಡಕ್ಕಿಗೆ ಚೆಂದ, ಬೋಲ್ಟಿಗೂ ಮೈಗೂ ಅಲ್ಲ. ಎರಡಕ್ಕೂ ಅವುಗಳದೇ ಅಳತೆಯಿದೆ, ಅದು ತುಂಬಿದಾಗ ಸಾಕು ಎಂದು ಅವೇ ಹೇಳುತ್ತವೆ. ಕೇಳಿಯೂ ಮತ್ತೆ ಜಗ್ಗುವವನು ಬಲ ಹೆಚ್ಚಿಸುತ್ತಿಲ್ಲ, ಮುರಿಯುತ್ತಿದ್ದಾನೆ. ನಮ್ಮನ್ನು ನಂಬಿ ಹಿಂದೆ ಕೂತವರ ಸಲುವಾಗಿಯಾದರೂ, ಟಕ್ ಎಂದ ಮೇಲೆ ಕೈ ತೆಗೆಯಬೇಕು.